ಬಾವಿಗೆ ಬಂದ ದೊಡ್ಡಮನುಷ್ಯ

ಮೇಲ್ವಿಚಾರಕರು ನನ್ನ ಕೈಗೆ ಕೊಟ್ಟ ಕಾಗದದಲ್ಲಿ ಒಂದೇ ಪದ ಇತ್ತು: ದೊಡ್ಡಮನುಷ್ಯ. ಅದರ ಕೆಳಗೆ ನಮ್ಮ ನಿಘಂಟು ಕಚೇರಿ ಆಗಲೇ ಸಿದ್ಧಮಾಡಿಟ್ಟಿದ್ದ ಅರ್ಥ: ಗಣ್ಯ, ಪ್ರತಿಷ್ಠಿತ, ನಾಲ್ಕು ಜನರಿಗೆ ಬೇಕಾದವನು. ಅರ್ಥದ ಪಕ್ಕದಲ್ಲಿ ಅವರೇ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆಯ ಗುರುತು ಹಾಕಿದ್ದರು.

ಪುಸ್ತಕಗಳಿಂದ ಎತ್ತಿದ ವಾಕ್ಯಗಳಲ್ಲೆಲ್ಲ ಈ ಪದಕ್ಕೆ ಗೌರವದ ಅರ್ಥವೇ ಇದೆ, ಆದರೆ ಜನ ಅದನ್ನು ಆಡುವಾಗ ಮುಖ ಬೇರೇನೋ ಹೇಳುತ್ತದೆ ಎಂಬುದು ಅವರ ಅನುಮಾನ. ಕೊಳ್ಳೇಗಾಲದ ಕಡೆ ಒಂದು ತಿಂಗಳು ಓಡಾಡಿ ನೋಡಿ ಎಂದರು. ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಆಗ ಹತ್ತು ವರ್ಷವಾಗಿತ್ತು. ಪಕ್ಕದ ಯಳಂದೂರು ಮೊದಲಿನಿಂದಲೂ ಮೈಸೂರಿನದೇ. ಒಂದೇ ಪದ ಎರಡು ಸೀಮೆಯಲ್ಲಿ ಹೇಗೆ ಬೆಳೆದಿದೆ ಎಂದು ನೋಡಲು ಅಂಥ ಜಾಗ ಬೇರೆ ಸಿಗುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ನಮ್ಮ ಕೆಲಸವೆಲ್ಲ ಚೀಟಿಗಳ ಮೇಲೆ. ಅಂಗೈಯಗಲದ ದಪ್ಪ ಕಾಗದ. ಮೇಲೆ ಪದ, ನಡುವೆ ಆಡಿದ ವಾಕ್ಯ ಆಡಿದ ಹಾಗೆಯೇ, ಕೆಳಗೆ ಆಡಿದವರ ಹೆಸರು, ವಯಸ್ಸು, ಕಸುಬು, ಊರು. ಹೆಸರಿಲ್ಲದ ಚೀಟಿ ಕಸದ ಬುಟ್ಟಿಗೆ. ಅರ್ಥವನ್ನು ನೇರವಾಗಿ ಕೇಳಕೂಡದು. ಕೇಳಿದರೆ ಜನ ಪಾಠ ಒಪ್ಪಿಸಿದ ಹಾಗೆ ಹೇಳುತ್ತಾರೆ. ಪದವನ್ನು ನಾವೇ ಮೊದಲು ಬಾಯಿಗೆ ತರಕೂಡದು. ಮಾತು ತಾನಾಗಿ ಆ ಕಡೆ ಹೊರಳುವ ತನಕ ಕಾಯಬೇಕು. ಇನ್ನು ಯಾರೂ ಆಡದ ವಾಕ್ಯವನ್ನು ತಾನೇ ಕಟ್ಟಿ ಯಾರದೋ ಹೆಸರು ಬರೆದವನಿಗೆ ಕಚೇರಿಯಲ್ಲಿ ಜಾಗವಿರಲಿಲ್ಲ.

ಯಳಂದೂರಿನಿಂದ ಶುರುಮಾಡಿದೆ. ಮೊದಲ ಮೂರು ದಿನ ಒಂದು ಚೀಟಿಯೂ ತುಂಬಲಿಲ್ಲ. ಆ ವರ್ಷ ಸರ್ಕಾರ ರೈತರಿಂದ ಕಡ್ಡಾಯವಾಗಿ ಎತ್ತುವ ಭತ್ತದ ಲೆವಿಯ ಗಲಾಟೆ ಜೋರಾಗಿತ್ತು. ಪ್ಯಾಂಟು ಹಾಕಿಕೊಂಡು, ಚೀಲದಲ್ಲಿ ಕಾಗದ ಇಟ್ಟುಕೊಂಡು, ಊರಿನಲ್ಲಿ ಯಾರು ಹೇಗೆ ಎಂದು ಮಾತು ತೆಗೆಯುವವನು ಯಾರ ಮನೆಯ ಕಣಜ ತುಂಬಿದೆ ಎಂದು ನೋಡಲು ಬಂದವನೇ ಸರಿ ಎಂದು ಜನ ತೀರ್ಮಾನಿಸಿದ್ದರು. ಜಗಲಿಯ ಮೇಲೆ ಕೂತಿದ್ದವರು ನಾನು ಹತ್ತಿರ ಹೋದರೆ ಏನೋ ಕೆಲಸ ನೆನಪಾದವರಂತೆ ಎದ್ದು ಒಳಗೆ ಹೋಗುತ್ತಿದ್ದರು. ನಾಲ್ಕನೆಯ ದಿನ ಅಲ್ಲಿನ ಶಾಲೆಯ ಹೆಡ್‌ಮಾಸ್ಟರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿ, ಇವರೂ ನಮ್ಮಂಥ ಮೇಷ್ಟ್ರೇ, ಮಾತು ಬರೆದುಕೊಳ್ಳುವವರು ಎಂದು ಹೇಳಿದ ಮೇಲೆ ಕೆಲವರು ಬಾಯಿ ಬಿಟ್ಟರು. ಅಲ್ಲಿ ಹದಿನೆಂಟು ಚೀಟಿ ಸಿಕ್ಕವು. ಎಲ್ಲದರಲ್ಲೂ ‘ದೊಡ್ಮನ್ಸ್ರು’ ಎಂದೇ ಇತ್ತು, ಎಲ್ಲದರಲ್ಲೂ ಗೌರವವೇ. ದೊಡ್ಮನ್ಸ್ರು ಹೇಳಿದ ಮೇಲೆ ಆಯಿತು, ದೊಡ್ಮನ್ಸ್ರು ಬಂದು ಕೂತರೆ ಪಂಚಾಯಿತಿಗೆ ಕಳೆ, ಈ ಬಗೆಯವು. ಕೆಂಪು ಶಾಯಿಯ ಗುರುತು ಸುಮ್ಮನೆ ಎಂದುಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ.

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಕೆಲವು ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ರೇಷ್ಮೆ ಸೀರೆ ನೇಯುವ ಹಿರಿಯನೊಬ್ಬ ಮಗ್ಗದ ಪಕ್ಕ ಕೂರಲು ಜಾಗ ಕೊಟ್ಟ. ಎರಡು ದಿನ ಸುಮ್ಮನೆ ಕೂತೆ. ಲಾಳಿ ಆಡುವ ಸದ್ದಿನ ನಡುವೆ ಆತ ಒಂದು ಸಲ ‘ದೊಡ್ಮನ್ಸ’ ಎಂದ. ಸೀರೆ ಒಯ್ದು ಮತ್ತೆ ಮುಖ ತೋರಿಸದ ಒಬ್ಬ ಗಿರಾಕಿಯ ವಿಷಯದಲ್ಲಿ. ಅಲ್ಲಿ ‘ರು’ ಇರಲಿಲ್ಲ. ನನ್ನ ಕಿವಿ ನೆಟ್ಟಗಾಯಿತು. ಆ ಉತ್ಸಾಹದಲ್ಲಿ ನಿಯಮ ಮರೆತೆ. ಗಂಡಸರಿಗೆ ಹೀಗೆ ಅನ್ನುತ್ತೀರಲ್ಲ, ನಿಮ್ಮ ಬೀದಿಯಲ್ಲಿ ದೊಡ್ಡಮನುಷ್ಯಳು ಅಂತ ಯಾರಾದರೂ ಇದ್ದಾರೆಯೇ ಎಂದು ಕೇಳಿಬಿಟ್ಟೆ.

ಲಾಳಿ ನಿಂತಿತು. ಆತ ನನ್ನ ಮುಖ ನೋಡಲಿಲ್ಲ. ಒಳಗೆ ನೂಲು ಸುತ್ತುತ್ತಿದ್ದ ವಯಸ್ಸಾದ ಹೆಂಗಸು ಬಾಗಿಲಿಗೆ ಬಂದು, ನಿಮ್ಮನ್ನು ಇಲ್ಲಿಗೆ ಕಳಿಸಿದವರು ಯಾರು ಎಂದು ತಣ್ಣಗೆ ಕೇಳಿದಳು. ನಾನು ಏನು ಹೇಳಿದರೂ ಆ ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳಿದಳು. ಎದ್ದು ಬಂದೆ. ಬೀದಿಯ ತುದಿ ಮುಟ್ಟುವ ಹೊತ್ತಿಗೆ ಎರಡೂ ಕಡೆಯ ಬಾಗಿಲುಗಳಲ್ಲಿ ಜನ ನಿಂತಿದ್ದರು.

ಮರುದಿನ ಆ ನೇಕಾರನೇ ಟೀ ಅಂಗಡಿಯಲ್ಲಿ ಸಿಕ್ಕಿ ವಿಷಯ ಬಿಡಿಸಿ ಹೇಳಿದ. ಅವರ ಬೀದಿಯಲ್ಲಿ ಹೆಣ್ಣಿಗೆ ಆ ಮಾತು ಆಡಿದರೆ ಮೈನೆರೆದ ಹುಡುಗಿ ಎಂದು ಅರ್ಥ. ಅವನ ಮೊಮ್ಮಗಳು ಅದೇ ವಾರ ಒಳಗೆ ಕೂತಿದ್ದಳಂತೆ. ಗುರುತಿಲ್ಲದ ಗಂಡಸು ಬಂದು, ಎರಡು ದಿನ ಹೊಂಚುಹಾಕಿ, ನಿಮ್ಮಲ್ಲಿ ಯಾರು ಎಂದು ಕೇಳಿದ ಹಾಗಾಗಿತ್ತು. ನಾನು ಕ್ಷಮೆ ಕೇಳಿದೆ. ಆತ ನಕ್ಕ, ಆದರೆ ಮತ್ತೆ ಮನೆಗೆ ಕರೆಯಲಿಲ್ಲ. ಆ ಸಂಜೆ ಚೀಟಿ ಬರೆಯುವಾಗ ಅನ್ನಿಸಿತು: ಪದ ಗಂಡಸಿಗೆ ಸೇರಿದರೆ ನಾಲ್ಕು ಜನ ನೋಡುವವನು, ಹೆಣ್ಣಿಗೆ ಸೇರಿದರೆ ನಾಲ್ಕು ಜನ ನೋಡದಂತೆ ಮರೆಯಲ್ಲಿ ಕೂತವಳು. ಚೀಟಿಯಲ್ಲಿ ಅಷ್ಟೆಲ್ಲ ಬರೆಯಲು ಜಾಗವಿರಲಿಲ್ಲ.

ಈ ಸುದ್ದಿ ನನಗಿಂತ ಮುಂಚೆ ಹನೂರು ಮುಟ್ಟಿರಬಹುದೆಂಬ ಅಳುಕಿನಲ್ಲೇ ಅಲ್ಲಿಗೆ ಹೋದೆ. ಆದರೆ ಹನೂರಿನಲ್ಲಿ ನನ್ನನ್ನು ಕೈಹಿಡಿದು ಕೂರಿಸಿದರು. ಅಲ್ಲಿ ರಾಗಿ, ಜೋಳದ ಮಂಡಿ ನಡೆಸುತ್ತಿದ್ದ ಯಜಮಾನರು ಮಂಡಿಯ ಹಿಂದಿನ ಕೋಣೆ ಬಿಟ್ಟುಕೊಟ್ಟರು, ಮನೆಯಲ್ಲೇ ಊಟ ಎಂದರು. ನಿಮಗೆ ಮಾತಾಡುವವರು ಬೇಕು ತಾನೆ, ನಾನೇ ಕಳಿಸುತ್ತೇನೆ ಎಂದರು. ಕಳಿಸಿದರು ಕೂಡ. ಎರಡು ದಿನದಲ್ಲಿ ಒಂಬತ್ತು ಜನ ಬಂದು, ಕೈಕಟ್ಟಿ ಕೂತು, ಕೇಳುವ ಮೊದಲೇ ದೊಡ್ಮನ್ಸ್ರ ಬಗ್ಗೆ ಹೇಳಿದರು.

ಐದನೆಯವನ ಚೀಟಿ ಬರೆಯುವಾಗ ಕೈ ತಡೆಯಿತು. ನಾಲ್ಕು ಜನಕ್ಕೆ ನೆರಳಾಗಿರೋರು ಎಂದು ಅವನು ಹೇಳಿದ. ಹಿಂದಿನ ಚೀಟಿ ತೆಗೆದು ನೋಡಿದೆ: ನಾಲ್ಕು ಜನಕ್ಕೆ ನೆರಳಾಗಿರೋರು. ಅದರ ಹಿಂದಿನದರಲ್ಲೂ ಅದೇ. ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಐದು ಜನ ಒಂದೇ ವಾಕ್ಯವನ್ನು ಒಂದೇ ಏರಿಳಿತದಲ್ಲಿ ಆಡಿದ್ದರು. ಮಂಡಿಯ ಗುಮಾಸ್ತ ಬಾಗಿಲ ಹತ್ತಿರ ನಿಂತು, ಮುಗಿದವರಿಗೆ ಎಲೆಯಡಿಕೆ ಕೊಟ್ಟು ಕಳಿಸುತ್ತಿದ್ದ. ನಾನು ಹುಡುಕುವ ಪದದ ಸುದ್ದಿ ನೇಕಾರರ ಬೀದಿಯಿಂದ ಮೊದಲೇ ಇಲ್ಲಿಗೆ ಬಂದಿದೆ, ಹೇಳಿಕೊಟ್ಟಿದ್ದಾರೆ ಎಂದು ಗೊತ್ತಾಯಿತು. ಯಾಕೆ ಎಂದು ಗೊತ್ತಾಗಲಿಲ್ಲ. ಪುಸ್ತಕದಲ್ಲಿ ಊರಿನ ಹೆಸರು ಬರುತ್ತದೆ, ಊರಿನ ಮರ್ಯಾದೆ ಕಾಪಾಡಬೇಕು ಎಂಬ ಅಭಿಮಾನವಿರಬಹುದು ಎಂದುಕೊಂಡೆ. ಆ ಒಂಬತ್ತೂ ಚೀಟಿಗಳ ಮೂಲೆಯಲ್ಲಿ ಸಣ್ಣದಾಗಿ ‘ಸಂದೇಹ’ ಎಂದು ಬರೆದಿಟ್ಟೆ.

ಯಾರೂ ಕಳಿಸದವರ ಮಾತು ಕೇಳಬೇಕೆಂದು ಮರುದಿನ ಬಸ್ಸು ಹಿಡಿದು ಕಾಮಗೆರೆಯಲ್ಲಿ ಇಳಿದೆ. ಆಸ್ಪತ್ರೆಯ ಹೊರಗೆ, ಚೀಟಿ ಬರೆಸಲು ಕಾಯುವವರ ಸಾಲಿನ ಪಕ್ಕದಲ್ಲಿ ಒಂದು ಕಲ್ಲುಬೆಂಚು. ಅಲ್ಲಿ ಕೂತರೆ ನಾನೂ ರೋಗಿಯೇ. ಮಧ್ಯಾಹ್ನದ ತನಕ ಕೆಮ್ಮು, ಹೊಟ್ಟೆನೋವಿನ ಮಾತೇ. ಆಮೇಲೆ ಇಬ್ಬರು ಹೆಂಗಸರು ಬಂದು ಪಕ್ಕದಲ್ಲಿ ಕೂತರು. ಅದರಲ್ಲಿ ನಲವತ್ತರ ಆಸುಪಾಸಿನವಳ ಎರಡೂ ಅಂಗೈಗೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಇನ್ನೊಬ್ಬಳು ಕೇಳಿದಳು. ಊರೊಳಗಿನ ಆಳದ ಬಾವಿಯಿಂದ ಹಗ್ಗದಲ್ಲಿ ನೀರು ಸೇದಿ ಸೇದಿ ಚರ್ಮ ಕಿತ್ತುಬಂದಿದೆ ಎಂದಳು ಇವಳು. ಹೊಲದ ಬಾವಿ ಏನಾಯಿತು ಎಂದು ಅವಳು ಕೇಳಿದ್ದಕ್ಕೆ, ಬಟ್ಟೆಯ ತುದಿ ಸರಿಮಾಡಿಕೊಳ್ಳುತ್ತ ಇವಳು ಹೇಳಿದಳು:

“ಬಾವಿಗೆ ದೊಡ್ಮನ್ಸ ಬಂದ ಕಣಕ್ಕ. ಇಂಜಿನ್ ಮಡಗ್ದ. ನಾವು ಅಗ್ಗ ತಕಂಡು ಮನೆಗ್ ಬಂದ್ವಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಗೆ ಉಪ್ಪು ಬಂತು ಎಂದ ಹಾಗೆ ಹೇಳಿದಳು. ನಾನು ಅಲ್ಲೇ ತೊಡೆಯ ಮೇಲೆ ಚೀಟಿ ಇಟ್ಟು, ಹಗ್ಗವನ್ನು ಅವಳು ಆಡಿದಂತೆ ‘ಅಗ್ಗ’ ಎಂದೇ ಬರೆದುಕೊಂಡೆ. ಆಮೇಲೆ ಅವಳಿಗೆ ವಿಷಯ ತಿಳಿಸಿ ಹೆಸರು ಕೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಇದು ರೇಷನ್ನಿನದೋ, ಕಂದಾಯದವರದೋ ಎಂದಳು. ಪದಗಳ ಪುಸ್ತಕ ಎಂದೆ. ನನ್ನ ಮಾತು ಪುಸ್ತಕದಲ್ಲಿ ಬರುತ್ತದೆಯೇ ಎಂದು ಎರಡು ಸಲ ಕೇಳಿ, ಕೊನೆಗೆ ಹೆಸರು ಹೇಳಿದಳು. ಊರು ಕಾಮಗೆರೆಯಿಂದ ಒಂದು ಮೈಲಿ ಒಳಗೆ. ಚೀಟಿಯನ್ನು ನಮ್ಮ ಕಚೇರಿಯವರು ಬಿಟ್ಟು ಬೇರೆ ಯಾರೂ ನೋಡುವುದಿಲ್ಲ ಎಂದು ನಾನು ಮಾತು ಕೊಟ್ಟೆ. ದೊಡ್ಮನ್ಸ ಯಾರೆಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಮಗೆ ಬೇಕಾದದ್ದು ಪದ, ಮನುಷ್ಯನಲ್ಲ.

ಹನೂರಿಗೆ ವಾಪಸು ಬಂದು, ಚೀಟಿಗಳ ಕಟ್ಟನ್ನು ಗೂಡಿನಲ್ಲಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಕಟ್ಟಿನ ದಾರಕ್ಕೆ ಗಂಟು ಬಿದ್ದಿತ್ತು. ನಾನು ಯಾವಾಗಲೂ ಎಳೆದರೆ ಬಿಚ್ಚುವಂತೆ ಜೀರುಗುಣಿಕೆ ಹಾಕುವವನು. ಚೀಟಿಗಳನ್ನು ಎಣಿಸಿದೆ, ಎಲ್ಲ ಇದ್ದವು. ಆದರೆ ಕಾಮಗೆರೆಯದು ಮೇಲಕ್ಕೆ ಬಂದಿತ್ತು.

ಊಟಕ್ಕೆ ಕೂತಾಗ ಯಜಮಾನರು ಕಾಮಗೆರೆಯ ವಿಷಯವನ್ನು ತಾವಾಗಿಯೇ ತೆಗೆದರು. ಆಸ್ಪತ್ರೆಗೆ ಹೋಗಿದ್ದಿರಂತೆ, ಮೈಗೆ ಹುಷಾರಿಲ್ಲವೇ ಎಂದರು. ಅಲ್ಲಿ ಒಳಗಿನ ಊರಲ್ಲಿ ತಮ್ಮದೊಂದು ಹೊಲವಿದೆ, ಹೋದ ವರ್ಷ ಬಾವಿಗೆ ಪಂಪಿನ ಇಂಜಿನ್ನು ಇಡಿಸಿದೆ ಎಂದರು. ಅವರು ಸಾರು ಬಡಿಸಲು ಹೇಳಿ, ಅದೇ ಮೆಲುದನಿಯಲ್ಲಿ ಮುಂದುವರಿಸಿದರು:

“ಆ ಒಂದ್ ಚೀಟಿ ಕೊಟ್ಬುಡಿ ಮೇಷ್ಟ್ರೇ. ಬಾವಿಗೆ ಪತ್ರ ಅದೆ, ನಮ್ದು. ಆ ಎಂಗ್ಸಿನ್ ಗಂಡ ನಮ್ ಮಂಡೀಲೇ ಮೂಟೆ ಒರೋನು. ನಾಳೆ ಅವನ್ನೇ ಕರ್ಸಿ ಕೇಳ್ತೀನಿ, ನಿನ್ ಎಂಡ್ತಿ ಇಂಗಂದವ್ಳಂತೆ, ಏನ್ಲಾ ಅಂತ.”

ಗದರಿಸಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಅವರು ಗದರಿಸಲಿಲ್ಲ. ಆ ಹೊತ್ತಿಗೆ ನನಗೆ ಕಂಡದ್ದು ಒಂದೇ ದಾರಿ. ಅದು ಯಾರೂ ಆಡಿದ ಮಾತಲ್ಲ, ಪದದ ಬಳಕೆ ತೋರಿಸಲು ನಾವೇ ಕೆಲವು ವಾಕ್ಯ ಕಟ್ಟುತ್ತೇವೆ, ಹೆಸರನ್ನು ಆಸ್ಪತ್ರೆಯ ಸಾಲಿನಲ್ಲಿ ಕೂಗಿದ್ದು ಕೇಳಿ ಸುಮ್ಮನೆ ಹಾಕಿದೆ ಎಂದೆ. ಯಜಮಾನರು ನಂಬಿದರೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಆದರೆ ನಂಬುವುದು ಅವರಿಗೆ ಬೇಕಾಗಿಯೂ ಇರಲಿಲ್ಲ. ಹಾಗಾದರೆ ಅದನ್ನೇ ಬರೆದುಕೊಡಿ ಎಂದರು. ಗುಮಾಸ್ತ ಕಾಗದ ತಂದ. ಈ ವಾಕ್ಯವನ್ನು ಯಾರೂ ಆಡಿಲ್ಲ, ನಾನೇ ಕಟ್ಟಿದ್ದು ಎಂದು ಬರೆದು ರುಜು ಹಾಕಿದೆ. ಚೀಟಿಯನ್ನೂ ಕಾಗದವನ್ನೂ ಮಡಿಸಿ ಅವರು ಜೇಬಿಗಿಟ್ಟುಕೊಂಡರು. ಹೆಂಗಸಿನ ಗಂಡನನ್ನು ಕರೆಸುವ ಮಾತು ಮತ್ತೆ ಬರಲಿಲ್ಲ. ಒಬ್ಬಳನ್ನು ಉಳಿಸಿದೆ ಎಂಬ ಸಮಾಧಾನ ನನಗಿತ್ತು. ನನ್ನ ಕೆಲಸದ ಮೂಲ ನಿಯಮವನ್ನೇ ಮುರಿದಿದ್ದೇನೆ ಎಂಬುದೂ ಗೊತ್ತಿತ್ತು.

ಎರಡು ದಿನ ಬಿಟ್ಟು ಹನೂರಿನ ಸಂತೆ. ಸಾಮಾನು ಕಟ್ಟಿಕೊಂಡು ಮಂಡಿಯ ಎದುರು ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತಿದ್ದೆ. ಜನರ ನಡುವಿನಿಂದ ಅವಳು ನೇರ ನನ್ನ ಹತ್ತಿರ ಬಂದಳು. ಅಂಗೈಯ ಬಟ್ಟೆ ಇನ್ನೂ ಇತ್ತು. ಯಜಮಾನರು ಆ ವಿಷಯವನ್ನು ತಮಾಷೆಯಾಗಿ ಅವಳ ಗಂಡನಿಗೆ ಹೇಳಿದ್ದರಂತೆ, ನಿನ್ನ ಹೆಂಡತಿಯ ಹೆಸರಿನಲ್ಲಿ ಮೇಷ್ಟ್ರು ಕತೆ ಕಟ್ಟಿದ್ದರು ಕಣೋ ಎಂದು. ನಾನು ಅವಳನ್ನು ಪಕ್ಕಕ್ಕೆ ಕರೆದು, ನಿಮ್ಮ ಒಳ್ಳೆಯದಕ್ಕೇ ಹಾಗೆಂದೆ, ನಿಮ್ಮ ಗಂಡನ ಕೆಲಸ ಹೋಗಬಾರದು ಎಂದು ಹಾಗೆಂದೆ ಎಂದು ತಿಳಿಸಲು ನೋಡಿದೆ.

“ಕೈ ಸುಲ್ಕಂಡೋಳು ನಾನು. ಮಾತು ನಿಮ್ದಾ ಸಾ?” ಎಂದಳು. “ನನ್ನ ಒಂದ್ ಮಾತು ಕೇಳುದ್ರಾ?” ಎಂದಳು.

ನಾನು ಕೇಳಿರಲಿಲ್ಲ. ಅವಳಿಗೆ ಅಪಾಯ ಎಂದು ನಾನೇ ಅಳೆದು, ನಾನೇ ತೀರ್ಮಾನಿಸಿ, ಅವಳ ಮಾತನ್ನು ನನ್ನದೆಂದು ರುಜು ಹಾಕಿದ್ದೆ.

ಉತ್ತರಕ್ಕೆ ಕಾಯದೆ ಅವಳು ರಸ್ತೆ ದಾಟಿ ಮಂಡಿಯ ಮುಂದೆ ಹೋಗಿ ನಿಂತಳು. ನಾನೂ ಹಿಂದೆ ಹೋದೆ. ತಕ್ಕಡಿಗೆ ರಾಗಿಮೂಟೆ ಏರಿಸುತ್ತಿದ್ದರು. ಇಪ್ಪತ್ತು ಮೂವತ್ತು ಜನ ಇದ್ದರು. ಯಜಮಾನರು ಗಾದಿಯ ಮೇಲಿಂದ ತಲೆಯೆತ್ತಿ, ಏನವ್ವ ಎಂದರು. ಅವಳು ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ತುಂಬ ಮರ್ಯಾದೆಯಿಂದ ಹೇಳಿದಳು:

“ಬಾವಿಗೆ ದೊಡ್ಮನ್ಸ್ರು ಬಂದ್ರು. ಇಂಜಿನ್ ಮಡಗುದ್ರು. ನಾವು ಅಗ್ಗ ತಕಂಡು ಮನೆಗ್ ಬಂದ್ವಿ. ಇದ ನಾನೇ ಅಂದಿದ್ದು ಸಾಮಿ, ಮೇಷ್ಟ್ರಲ್ಲ.”

ಮೂಟೆಗಳ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಸ್ಪತ್ರೆಯ ಬೆಂಚಿನ ಮೇಲೆ ಆಡಿದ ಅದೇ ವಾಕ್ಯ, ‘ರು’ ಮಾತ್ರ ಸೇರಿತ್ತು. ಆ ‘ರು’ ಸೇರಿದ ಮೇಲೆ ಅದು ಇನ್ನೂ ಆಳಕ್ಕೆ ಇಳಿದಿತ್ತು. ನನ್ನ ಚೀಲದಲ್ಲಿ ಯಳಂದೂರಿನ ಹದಿನೆಂಟು ಚೀಟಿ ಇದ್ದವು, ಎಲ್ಲದರಲ್ಲೂ ‘ರು’. ಹೆಡ್‌ಮಾಸ್ಟರು ಪಕ್ಕದಲ್ಲಿ ನಿಂತಿದ್ದಾಗ ಆಡಿದ ಮಾತುಗಳು. ಅವುಗಳಲ್ಲಿ ಎಷ್ಟು ಗೌರವ, ಎಷ್ಟು ಇಂಥದ್ದು? ಕಾಗದದ ಮೇಲೆ ಎರಡೂ ಒಂದೇ ಥರ ಕಾಣುತ್ತಿದ್ದವು.

ಬಾವಿಯ ವಿಷಯ ಮನೆಯಲ್ಲಿ ಮಾತಾಡೋಣ ಹೋಗವ್ವ ಎಂದರು ಯಜಮಾನರು. ಮೇಷ್ಟ್ರ ಜೊತೆ ನಿಮ್ಮ ಮನೆಯಲ್ಲೇ ಮಾತಾಡಿ ಆಯಿತಲ್ಲ ಎಂದಳು ಅವಳು. ಮೂಟೆ ಹೊತ್ತು ನಿಂತಿದ್ದ ಒಬ್ಬ ಮೂಟೆಯನ್ನು ನೆಲಕ್ಕಿಳಿಸಿ, ತಲೆಯ ಮೇಲಿನ ಸಿಂಬೆ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಅವನೇ ಗಂಡ ಎಂದು ಆಗ ಗೊತ್ತಾಯಿತು. ಇಬ್ಬರೂ ಸಂತೆಯ ಜನರಲ್ಲಿ ಸೇರಿಹೋದರು. ನನ್ನ ಬಸ್ಸು ಬಂತು. ಹತ್ತಿದೆ.

ತಿಂಗಳು ಮುಗಿಸಿ ಕಚೇರಿಗೆ ಹೋದಾಗ ಮೇಲ್ವಿಚಾರಕರ ಮೇಜಿನ ಮೇಲೆ ನಾನು ಬರೆದುಕೊಟ್ಟ ಕಾಗದ ನನಗಿಂತ ಮೊದಲೇ ಬಂದು ಕೂತಿತ್ತು, ಚೀಟಿಯ ಸಮೇತ. ಮಂಡಿಯಿಂದ ಅಂಚೆಯಲ್ಲಿ ಕಳಿಸಿದ್ದರು. ಇದು ನಿಮ್ಮ ಬರಹವೇ ಎಂದು ಮೇಲ್ವಿಚಾರಕರು ಕೇಳಿದರು. ಹೌದೆಂದೆ. ಎರಡರಲ್ಲಿ ಸುಳ್ಳು ಯಾವುದು ಎಂದರು. ಕಾಗದ ಸುಳ್ಳು, ಚೀಟಿ ನಿಜ ಎಂದು ಎಲ್ಲವನ್ನೂ ಹೇಳಿದೆ, ನೇಕಾರರ ಬೀದಿಯಿಂದ ಹಿಡಿದು. ಕೊನೆಗೆ, ಒಂದು ಸುಳ್ಳು ಬರೆದವನು ಎರಡನೆಯದನ್ನೂ ಬರೆಯಬಲ್ಲ, ನಿಮ್ಮ ಒಂದು ಚೀಟಿಯನ್ನೂ ನಾನು ನಂಬುವ ಹಾಗಿಲ್ಲ ಎಂದರು. ತಿಂಗಳ ಕೆಲಸವನ್ನು ಪೂರ್ತಿ ಬದಿಗಿಟ್ಟರು. ಯಳಂದೂರಿನ ಚೀಟಿಗಳ ಬಗ್ಗೆ ನನಗೇ ನಂಬಿಕೆ ಹೋಗಿದೆ ಎಂದು ನಾನು ಹೇಳಿದಾಗ ಮಾತ್ರ ಕನ್ನಡಕ ತೆಗೆದು ನನ್ನನ್ನು ನೋಡಿದರು. ಯಾಕೆ ಎಂದು ಕೇಳಿದರು. ‘ರು’ ವಿಷಯ ಹೇಳಿದೆ. ಅದನ್ನು ನಾನು ಕಿವಿಯಾರೆ ಕೇಳಬೇಕು, ನಾಳೆ ಹೊರಡೋಣ ಎಂದರು.

ಮರುದಿನ ಇಬ್ಬರೂ ಕಾಮಗೆರೆಯಲ್ಲಿ ಇಳಿದು ಒಂದು ಮೈಲಿ ನಡೆದೆವು. ದಾರಿಯಲ್ಲಿ ಹೊಲದ ಬಾವಿ ಸಿಕ್ಕಿತು. ಇಂಜಿನ್ ನಿಂತಿತ್ತು. ವಾರಕ್ಕೆ ಎರಡು ದಿನ ಅದನ್ನು ನಿಲ್ಲಿಸಿ ಉಳಿದವರಿಗೆ ನೀರು ಬಿಡಬೇಕೆಂದು ಊರಿನವರು ಕೂತು ಒಪ್ಪಿಸಿದ್ದಾರೆಂದು ಆಮೇಲೆ ತಿಳಿಯಿತು. ಅಂದು ನಿಂತಿದ್ದು ಆ ಒಪ್ಪಂದಕ್ಕೋ, ಕೆಟ್ಟುಹೋಗಿಯೋ, ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅವಳ ಗಂಡ ಹನೂರಿನ ಮಂಡಿ ಬಿಟ್ಟು ಕೊಳ್ಳೇಗಾಲದಲ್ಲಿ ಮೂಟೆ ಹೊರುತ್ತಿದ್ದ. ದಿನಾ ಬಸ್ಸಿನ ಓಡಾಟ.

ಅವಳು ನನ್ನನ್ನು ನೋಡಿ ಮುಖ ಗಂಟಿಕ್ಕಿದಳು, ಆದರೂ ಚಾಪೆ ಹಾಸಿದಳು. ಮೇಲ್ವಿಚಾರಕರು ನಿಯಮದ ಪ್ರಕಾರ ಪದ ಎತ್ತದೆ ಬಾವಿಯ ಮಾತು, ಕೈಯ ಮಾತು ತೆಗೆದು ಕಾದರು. ಅವಳು ಅವರ ಆಟವನ್ನು ಬೇಗ ತಿಳಿದುಕೊಂಡು, ಎರಡು ಥರದಲ್ಲೂ ಆ ವಾಕ್ಯ ಹೇಳಿದಳು. ಎದುರಿಗಿದ್ದರೆ ಹೀಗೆ, ಹಿಂದಿದ್ದರೆ ಹಾಗೆ, ಅರ್ಥ ಒಂದೇ ಎಂದಳು. ಅವರು ಹೊಸ ಚೀಟಿ ತೆಗೆದು ತಾವೇ ಬರೆದರು. ಅವಳ ಹೆಸರು, ವಯಸ್ಸು, ಊರು. ಚೀಟಿಯನ್ನು ಜೇಬಿಗಿಡಲು ಹೋದಾಗ ಅವಳು ಕೈ ಅಡ್ಡ ಹಿಡಿದಳು.

“ಇವ್ರು ನನ್ ಹೆಸ್ರ ಬರ್ಕಂಡು ಆಮೇಕೆ ಇಲ್ಲ ಅಂದ್ಬುಟ್ರು. ನಾಳೆ ನೀವೂ ಅಂದ್ಬುಟ್ರೆ? ನಿಮ್ಮಿಬ್ರ ಹೆಸ್ರೂ ಅದ್ರಲ್ಲೇ ಬರೀರಿ.”

ಚೀಟಿಯ ಮೇಲೆ ಬರೆದುಕೊಂಡವರ ಹೆಸರು ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. ಮೇಲ್ವಿಚಾರಕರು ಅವಳ ಹೆಸರಿನ ಕೆಳಗೆ ತಮ್ಮ ಪೂರ್ತಿ ಹೆಸರು, ಊರು ಬರೆದು ಪೆನ್ನನ್ನು ನನಗೆ ಕೊಟ್ಟರು. ನಾನೂ ಬರೆದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಯಾವುದು ಯಾರದು ಎಂದು ಒಂದೊಂದರ ಮೇಲೂ ಬೆರಳಿಟ್ಟು ಕೇಳಿದಳು. ಆಮೇಲೆ ಗಟ್ಟಿಯಾಗಿ ಓದಲು ನನಗೆ ಹೇಳಿದಳು. ವಾಕ್ಯವನ್ನು ಓದಿ, ಮೂರೂ ಹೆಸರುಗಳನ್ನು ಒಂದೊಂದಾಗಿ ಓದಿದೆ.

“ಈಗ ಜೇಬಲ್ಲಿ ಮಡಿಕಳಿ” ಎಂದಳು.